ಕಚ್ಚಾತೈಲದ ಭೂಗತ ಉಗ್ರಾಣಗಳು: ಉಪ್ಪಿನ ಗಣಿ, ಕಗ್ಗಲ್ಲು ಮತ್ತು ನೀರಿನ ಲೆಕ್ಕ

ಸರಕನ್ನು ಸಕಾಲದಲ್ಲಿ ಕೊಳ್ಳುವುದು ಎಷ್ಟು ಮುಖ್ಯವೋ, ಕೊಂಡ ಸರಕನ್ನು ಕೆಡದಂತೆ ಕಾಯ್ದಿರಿಸುವುದೂ ಅಷ್ಟೇ ಮುಖ್ಯ. ಮಂಡ್ಯದ ಬೆಲ್ಲದ ವರ್ತಕರು ಮಳೆಗಾಲದ ತೇವಕ್ಕೆ ಅಂಜುತ್ತಾರೆ. ಮದ್ದೂರು, ಮಳವಳ್ಳಿಗಳ ಅಕ್ಕಿ ಗಿರಣಿಯವರು ಹುಳುವಿನ ಕಾಟಕ್ಕೆ ಅಂಜುತ್ತಾರೆ. ಸರಕಿನ ಗುಣಕ್ಕೂ ಉಗ್ರಾಣದ ಗುಣಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ದಾಸ್ತಾನು ಲಾಭದ ಬದಲು ನಷ್ಟವನ್ನೇ ತರುತ್ತದೆ. ಒಂದು ರಾಷ್ಟ್ರ ಕಚ್ಚಾತೈಲವನ್ನು ಭೂಮಿಯೊಳಗೆ ದಾಸ್ತಾನಿಡುವಾಗಲೂ ಇದೇ ನಿಯಮ ಅನ್ವಯವಾಗುತ್ತದೆ. ಅಲ್ಲಿ ಉಗ್ರಾಣದ ಗೋಡೆ, ಛಾವಣಿ, ನೆಲ ಎಲ್ಲವೂ ಬಂಡೆಯೇ. ಆದುದರಿಂದ ಬಂಡೆಯ ಸ್ವಭಾವವನ್ನು ಅರಿಯದೆ ಅಂತಹ ದಾಸ್ತಾನಿನ ಸುರಕ್ಷತೆಯನ್ನಾಗಲಿ, ವೆಚ್ಚವನ್ನಾಗಲಿ ಅಳೆಯಲಾಗದು.

ಅಮೆರಿಕ ಮತ್ತು ಯೂರೋಪಿನ ಕೆಲವು ರಾಷ್ಟ್ರಗಳು ಉಪ್ಪಿನ ಪದರಗಳಲ್ಲಿ ತೈಲವನ್ನು ತುಂಬಿಟ್ಟಿವೆ. ಭಾರತವು ಕರಾವಳಿಯ ಕಗ್ಗಲ್ಲನ್ನು ಆರಿಸಿಕೊಂಡಿದೆ. ಅದರ ಬಹುಪಾಲು ಕರ್ನಾಟಕದ ನೆಲದಲ್ಲಿಯೇ ಇದೆ. ಈ ಎರಡು ಮಾರ್ಗಗಳ ಭೂವೈಜ್ಞಾನಿಕ ಅಪಾಯಗಳನ್ನೂ, ಅವು ಲೆಕ್ಕಪತ್ರದಲ್ಲಿ ಮೂಡುವ ಬಗೆಯನ್ನೂ ಇಲ್ಲಿ ವಿವೇಚಿಸಲಾಗಿದೆ.

ದಾಸ್ತಾನಿನ ಅವಶ್ಯಕತೆ

ಭಾರತವು ತನ್ನ ಕಚ್ಚಾತೈಲದ ಅಗತ್ಯದಲ್ಲಿ ಶೇ. 85ಕ್ಕಿಂತ ಹೆಚ್ಚಿನ ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. 1990-91ರ ಕೊಲ್ಲಿ ಯುದ್ಧದ ಕಾಲದಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಕುಸಿದುದು ಹಿರಿಯ ವರ್ತಕರಿಗೆ ನೆನಪಿರಬಹುದು. 1973ರ ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ತನ್ನ ಸದಸ್ಯ ರಾಷ್ಟ್ರಗಳು 90 ದಿನಗಳ ನಿವ್ವಳ ಆಮದಿಗೆ ಸಮನಾದ ದಾಸ್ತಾನು ಇಡಬೇಕೆಂದು ವಿಧಿಸಿತು. ಭಾರತವು ಈ ಕಾರ್ಯಕ್ಕಾಗಿ 2004ರಲ್ಲಿ ಇಂಡಿಯನ್ ಸ್ಟ್ರಾಟೆಜಿಕ್ ಪೆಟ್ರೋಲಿಯಂ ರಿಸರ್ವ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿತು. 2006ರಲ್ಲಿ ಅದು ತೈಲ ಉದ್ಯಮ ಅಭಿವೃದ್ಧಿ ಮಂಡಳಿಯ ಸಂಪೂರ್ಣ ಒಡೆತನಕ್ಕೆ ಬಂದಿತು.

ಡೀಸೆಲ್ ಬೆಲೆಯು 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಮುಕ್ತವಾದ ಮೇಲೆ ಈ ವಿಷಯ ಒಳನಾಡಿನ ವರ್ತಕರಿಗೂ ಹತ್ತಿರವಾಗಿದೆ. ಕಬ್ಬಿನ ಸಾಗಾಣಿಕೆ, ಬೆಲ್ಲದ ಲಾರಿ ಬಾಡಿಗೆ, ಗಿರಣಿಯ ಜನರೇಟರ್ ವೆಚ್ಚ ಇವೆಲ್ಲವೂ ತೈಲ ಪೂರೈಕೆಯ ಏರುಪೇರಿಗೆ ಒಳಪಟ್ಟಿವೆ.

ಉಪ್ಪನ್ನು ಆರಿಸಿದುದೇಕೆ?

ಕಲ್ಲುಪ್ಪಿಗೆ ಉಗ್ರಾಣಕ್ಕೆ ಬೇಕಾದ ಮೂರು ಗುಣಗಳಿವೆ. ಮೊದಲನೆಯದಾಗಿ, ಅದರಲ್ಲಿ ತೈಲವಾಗಲಿ ಅನಿಲವಾಗಲಿ ಸುಲಭವಾಗಿ ನುಸುಳುವುದಿಲ್ಲ. ಎರಡನೆಯದಾಗಿ, ತೈಲದಲ್ಲಿ ಉಪ್ಪು ಕರಗುವುದಿಲ್ಲ. ಮೂರನೆಯದಾಗಿ, ಆಳದಲ್ಲಿ ಒತ್ತಡಕ್ಕೆ ಸಿಲುಕಿದ ಉಪ್ಪು ಬಹು ಮೆಲ್ಲಗೆ ಮಯಣದಂತೆ ಹರಿಯುವುದರಿಂದ, ಅದರಲ್ಲಿ ಮೂಡಿದ ಬಿರುಕು ಕಾಲಕ್ರಮದಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಇಂತಹ ಉಪ್ಪಿನೊಳಗೆ ಉಗ್ರಾಣ ಪಡೆಯಲು ಎರಡು ದಾರಿಗಳಿವೆ. ಉಪ್ಪು ತೆಗೆದು ಬರಿದಾದ ಗಣಿಯನ್ನೇ ಬಳಸುವುದು ಒಂದು. ಕೊಳವೆಬಾವಿ ಕೊರೆದು, ಸಿಹಿನೀರನ್ನು ಇಳಿಸಿ, ಉಪ್ಪನ್ನು ಕರಗಿಸಿ ಹೊಸ ಗವಿಯನ್ನು ನಿರ್ಮಿಸುವುದು ಇನ್ನೊಂದು. ಅಮೆರಿಕವು 1975ರ ಶಾಸನದ ಅನ್ವಯ ಟೆಕ್ಸಾಸ್ ಮತ್ತು ಲೂಸಿಯಾನ ರಾಜ್ಯಗಳ ಕರಾವಳಿಯ ಉಪ್ಪಿನ ಗುಮ್ಮಟಗಳಲ್ಲಿ ಎರಡೂ ವಿಧಾನಗಳನ್ನು ಪ್ರಯೋಗಿಸಿತು. ಇಂದು ಬ್ರಯಾನ್ ಮೌಂಡ್, ಬಿಗ್ ಹಿಲ್, ವೆಸ್ಟ್ ಹ್ಯಾಕ್‌ಬೆರಿ ಮತ್ತು ಬಯೂ ಚಾಕ್ಟಾ ಎಂಬ ನಾಲ್ಕು ತಾಣಗಳಲ್ಲಿ ಸುಮಾರು 71 ಕೋಟಿ ಬ್ಯಾರೆಲ್ ಸಾಮರ್ಥ್ಯವಿದೆ. ಇವೆಲ್ಲವೂ ಕರಗಿಸಿದ ಗವಿಗಳು. ಹಳೆಯ ಗಣಿಯ ಪ್ರಯೋಗವು ಕೈಬಿಟ್ಟುಹೋದ ಕಾರಣ ಮುಂದೆ ತಿಳಿದುಬರುತ್ತದೆ.

ಉಪ್ಪಿನ ಭೂವೈಜ್ಞಾನಿಕ ಅಪಾಯಗಳು

1. ಕರಗುವಿಕೆ: ಒಂದು ಲೀಟರ್ ನೀರು ಸುಮಾರು 350 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಮೇಲಿನ ಅಂತರ್ಜಲ ಒಂದು ಸಣ್ಣ ಸಂದಿನಿಂದ ಇಳಿದರೂ ಆ ಸಂದು ತನ್ನನ್ನು ತಾನೇ ಅಗಲಿಸಿಕೊಳ್ಳುತ್ತಾ ಹೋಗುತ್ತದೆ. ಕರಗಿಸಿದ ಗವಿಯಿಂದ ತೈಲವನ್ನು ಹೊರತೆಗೆಯಲು ತಳಕ್ಕೆ ನೀರನ್ನು ತುಂಬುವುದು ವಾಡಿಕೆ. ಹಾಗೆ ಪ್ರತಿ ಬಾರಿ ಸಿಹಿನೀರು ತುಂಬಿದಾಗಲೂ ಗವಿಯ ಗಾತ್ರ ಸುಮಾರು ಶೇ. 15ರಷ್ಟು ಹಿಗ್ಗುತ್ತದೆ. ಎರಡು ಗವಿಗಳ ನಡುವಣ ಗೋಡೆ ಅಷ್ಟರಮಟ್ಟಿಗೆ ತೆಳುವಾಗುತ್ತದೆ.

2. ಹರಿಯುವಿಕೆ: ಬಿರುಕನ್ನು ಮುಚ್ಚುವ ಗುಣವೇ ಗವಿಯನ್ನೂ ಮುಚ್ಚಲು ಯತ್ನಿಸುತ್ತದೆ. ಗವಿಯ ಗಾತ್ರ ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಕುಗ್ಗುತ್ತದೆ. ಮೇಲಿನ ನೆಲ ತಗ್ಗುತ್ತದೆ. ಬಾವಿಯ ಉಕ್ಕಿನ ಕೊಳವೆ ಎಳೆತಕ್ಕೆ ಸಿಲುಕಿ ಬಿರಿಯುವ ಸಂಭವವಿರುತ್ತದೆ.

3. ಶಾಖ ಮತ್ತು ಅನಿಲ: ಆಳದ ಭೂಶಾಖದಿಂದ ತೈಲ ಬೆಚ್ಚಗಾಗುತ್ತದೆ. ಉಪ್ಪಿನಿಂದ ಅಲ್ಪ ಪ್ರಮಾಣದ ಅನಿಲ ತೈಲಕ್ಕೆ ಸೇರುತ್ತದೆ. ಅಂತಹ ತೈಲವನ್ನು ಹೊರತೆಗೆಯುವ ಮುನ್ನ ಅನಿಲವನ್ನು ಬೇರ್ಪಡಿಸಬೇಕಾಗುತ್ತದೆ. ಅಮೆರಿಕವು ಇದಕ್ಕೆಂದೇ ಪ್ರತ್ಯೇಕ ಘಟಕವನ್ನು ನಡೆಸಬೇಕಾಯಿತು.

4. ಅಂಚಿನ ಅಪಾಯ: ಉಪ್ಪಿನ ಗುಮ್ಮಟದ ಹೊರ ಅಂಚು ಎಲ್ಲಿದೆ ಎಂಬುದು ಮೇಲಿನಿಂದ ಸ್ಪಷ್ಟವಾಗಿ ಕಾಣುವುದಿಲ್ಲ. ಲೂಸಿಯಾನದ ಬಯೂ ಕಾರ್ನ್ ಎಂಬಲ್ಲಿ 2012ರ ಆಗಸ್ಟ್‌ನಲ್ಲಿ ಅಂಚಿಗೆ ತೀರ ಹತ್ತಿರವಿದ್ದ ಉಪ್ಪುನೀರಿನ ಗವಿಯೊಂದರ ಪಕ್ಕದ ಗೋಡೆ ಕುಸಿದು, ಮೇಲೆ ಭಾರಿ ಗುಂಡಿ ಉಂಟಾಯಿತು. ಸಮೀಪದ ನಿವಾಸಿಗಳು ಮನೆ ತೊರೆಯಬೇಕಾಯಿತು.

5. ಹಳೆಯ ಬಾವಿಗಳು: ಕಾನ್ಸಾಸ್ ರಾಜ್ಯದ ಹಚಿನ್ಸನ್ ನಗರದಲ್ಲಿ 2001ರ ಜನವರಿಯಲ್ಲಿ, ಸುಮಾರು 11 ಕಿ.ಮೀ. ದೂರದ ಉಪ್ಪಿನ ಗವಿಯ ಬಾವಿಯಿಂದ ಸೋರಿದ ನೈಸರ್ಗಿಕ ಅನಿಲವು ಬಂಡೆಯ ಪದರಗಳ ಮೂಲಕ ಸಾಗಿ, ಮುಚ್ಚದೆ ಬಿಟ್ಟಿದ್ದ ಹಳೆಯ ಉಪ್ಪುನೀರಿನ ಬಾವಿಗಳಿಂದ ಮೇಲೆದ್ದು ಸ್ಫೋಟಿಸಿತು. ಇಬ್ಬರು ಮೃತಪಟ್ಟರು. ಉಗ್ರಾಣದ ಅಪಾಯ ಅದರ ಬೇಲಿಯೊಳಗೇ ಇರುತ್ತದೆ ಎಂಬ ನಂಬಿಕೆಯನ್ನು ಈ ದುರಂತ ಅಲುಗಿಸಿತು.

ವೀಕ್ಸ್ ಐಲೆಂಡ್ ಗಣಿಯ ಪಾಠ

ಲೂಸಿಯಾನದ ವೀಕ್ಸ್ ಐಲೆಂಡ್ ಎಂಬಲ್ಲಿ ಉಪ್ಪು ತೆಗೆದು ಬಿಟ್ಟಿದ್ದ ಎರಡು ಅಂತಸ್ತಿನ ಗಣಿಯನ್ನು ಅಮೆರಿಕ ಸರ್ಕಾರ ವಹಿಸಿಕೊಂಡು, 1980ರಿಂದ 1982ರ ಅವಧಿಯಲ್ಲಿ ಸುಮಾರು 7.3 ಕೋಟಿ ಬ್ಯಾರೆಲ್ ಕಚ್ಚಾತೈಲವನ್ನು ತುಂಬಿತು. ಭಾರತದ ಮೊದಲ ಹಂತದ ಒಟ್ಟು ಸಾಮರ್ಥ್ಯ ಸುಮಾರು 3.9 ಕೋಟಿ ಬ್ಯಾರೆಲ್ ಎಂಬುದನ್ನು ಗಮನಿಸಿದರೆ ಆ ಒಂದು ಗಣಿಯ ಗಾತ್ರ ಮನವರಿಕೆಯಾಗುತ್ತದೆ. ಸಿದ್ಧವಾಗಿದ್ದ ಗಣಿಯಾದುದರಿಂದ ಹೊಸದಾಗಿ ಗವಿ ಕರಗಿಸುವ ವೆಚ್ಚ ಉಳಿಯಿತು. ಆರಂಭದ ಲೆಕ್ಕದಲ್ಲಿ ಇದು ಲಾಭದಾಯಕ ವ್ಯವಹಾರವೇ ಆಗಿತ್ತು.

1992ರ ಮೇ ತಿಂಗಳಿನಲ್ಲಿ ಗಣಿಯ ಅಂಚಿನ ಮೇಲ್ಭಾಗದ ನೆಲದಲ್ಲಿ ಸುಮಾರು 11 ಮೀಟರ್ ಅಗಲ, 9 ಮೀಟರ್ ಆಳದ ಗುಂಡಿಯೊಂದು ಕಂಡುಬಂದಿತು. 1995ರಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಪರಿಶೀಲನೆಯಿಂದ ತಿಳಿದುಬಂದ ಕಾರಣ ಸರಳವಾಗಿತ್ತು. ಉಪ್ಪು ತೆಗೆಯುವವರು ಕಂಬಗಳನ್ನು ಬಿಟ್ಟು ಕೋಣೆಗಳನ್ನು ಅಗೆಯುತ್ತಾ ಗುಮ್ಮಟದ ಮೇಲಂಚಿನ ಸಮೀಪಕ್ಕೆ ಹೋಗಿದ್ದರು. ಛಾವಣಿಯ ಉಪ್ಪು ಹಲವು ದಶಕಗಳ ಕಾಲ ಬಾಗುತ್ತಾ ಎಳೆತಕ್ಕೆ ಸಿಲುಕಿ ಬಿರಿಯಿತು. ಆ ಬಿರುಕಿನಿಂದ ಅಂತರ್ಜಲ ಇಳಿದು ಉಪ್ಪನ್ನು ಕರಗಿಸಲಾರಂಭಿಸಿತು. ಮೇಲಿನ ಮಣ್ಣು ಕುಸಿಯಿತು.

ಪರಿಹಾರವಾಗಿ, ಇನ್ನಷ್ಟು ಉಪ್ಪನ್ನು ಕರಗಿಸಲಾರದಷ್ಟು ಸಾಂದ್ರವಾದ ಉಪ್ಪುನೀರನ್ನು ಗುಂಡಿಯ ಕಂಠಕ್ಕೆ ಇಳಿಸಲಾಯಿತು. ಸುತ್ತಲಿನ ನೆಲವನ್ನು ಕೊಳವೆಗಳ ಮೂಲಕ ಹೆಪ್ಪುಗಟ್ಟಿಸಿ ಹಿಮದ ಗೋಡೆಯನ್ನು ನಿರ್ಮಿಸಲಾಯಿತು. 1995ರ ನವೆಂಬರ್‌ನಿಂದ ತೈಲವನ್ನು ಬೇರೆ ತಾಣಗಳಿಗೆ ಸಾಗಿಸಿ, ಗಣಿಯನ್ನು ಉಪ್ಪುನೀರಿನಿಂದ ತುಂಬಿ, 1999ರ ವೇಳೆಗೆ ಮುಚ್ಚಲಾಯಿತು. ಬಹುತೇಕ ತೈಲ ಕೈಗೆ ಬಂದಿತು. ಅಲ್ಪಭಾಗ ಗಣಿಯ ಮೂಲೆಗಳಲ್ಲಿಯೇ ಉಳಿಯಿತು.

ಉಪ್ಪು ತೆಗೆಯಲು ಅಗೆದ ಗಣಿಯನ್ನು ತೈಲ ಇಡಲು ಅಗೆದಿರಲಿಲ್ಲ. ಗಣಿಗಾರನಿಗೆ ಬೇಕಾದುದು ಹೆಚ್ಚು ಉಪ್ಪು. ಉಗ್ರಾಣದವನಿಗೆ ಬೇಕಾದುದು ದಪ್ಪ ಗೋಡೆ. ಅಗ್ಗವಾಗಿ ದೊರೆತ ಹಳೆಯ ಆಸ್ತಿಯೊಡನೆ ಹಿಂದಿನ ಒಡೆಯನ ನಿರ್ಧಾರಗಳೂ ಬರುತ್ತವೆ. ಆಸ್ತಿಪಟ್ಟಿಯಲ್ಲಿ ಅವು ಕಾಣುವುದಿಲ್ಲ.

ಭಾರತದಲ್ಲಿ ಉಪ್ಪಿನ ಸಾಧ್ಯತೆ

ರಾಜಸ್ಥಾನದ ಬಿಕಾನೇರ್ ಪ್ರದೇಶದ ಆಳದಲ್ಲಿ ಕಲ್ಲುಪ್ಪಿನ ಪದರಗಳಿವೆ. ಎರಡನೆಯ ಹಂತದ ವಿಸ್ತರಣೆಗಾಗಿ ಪರಿಶೀಲಿಸಲಾದ ತಾಣಗಳಲ್ಲಿ ಬಿಕಾನೇರ್ ಸಹ ಸೇರಿತ್ತು. ಆದರೆ 2018ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ತಾತ್ವಿಕ ಒಪ್ಪಿಗೆ ನೀಡಿದುದು ಒಡಿಶಾದ ಚಂಡಿಖೋಲ್ ಮತ್ತು ಕರ್ನಾಟಕದ ಪಾದೂರಿನ ಯೋಜನೆಗಳಿಗೆ.

ಉಪ್ಪಿನ ಗವಿಗೆ ಬೇಕಾಗುವ ನೀರಿನ ಪ್ರಮಾಣವನ್ನು ಮಂಡ್ಯ ಜಿಲ್ಲೆಯವರಿಗೆ ಪರಿಚಿತವಾದ ಅಳತೆಯಲ್ಲಿಯೇ ಹೇಳಬಹುದು. ಒಂದು ಘನ ಮೀಟರ್ ಗವಿಗೆ ಸುಮಾರು 7ರಿಂದ 8 ಘನ ಮೀಟರ್ ಸಿಹಿನೀರು ಬೇಕು. 25 ಲಕ್ಷ ಟನ್ ತೈಲಕ್ಕೆ ಸಾಲುವ ಗವಿಗಳನ್ನು ಕರಗಿಸಲು ಈ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಟಿ.ಎಂ.ಸಿ. ಅಡಿ ನೀರು ಬೇಕಾಗುತ್ತದೆ. ಅಷ್ಟೇ ಪ್ರಮಾಣದ ಉಪ್ಪುನೀರು ಹೊರಬರುತ್ತದೆ. ಅಮೆರಿಕದ ತಾಣಗಳಿಗೆ ಸಮುದ್ರ ಹತ್ತಿರವಿದೆ. ಮರುಭೂಮಿಯಲ್ಲಿ ಸಿಹಿನೀರನ್ನು ತರುವುದು, ಉಪ್ಪುನೀರನ್ನು ಹೊಲಗಳಿಗೆ ಸೇರದಂತೆ ವಿಲೇವಾರಿ ಮಾಡುವುದು ಎರಡೂ ಸುಲಭಸಾಧ್ಯವಲ್ಲ.

ಕರ್ನಾಟಕದ ಕಗ್ಗಲ್ಲಿನ ಉಗ್ರಾಣಗಳು

ಕರ್ನಾಟಕದ ನೆಲದಡಿಯಲ್ಲಿ ಇಂತಹ ಉಪ್ಪಿನ ಗುಮ್ಮಟಗಳಿಲ್ಲ. ಇಲ್ಲಿರುವುದು ಬಹುಮಟ್ಟಿಗೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ ಹಾಗೂ ಗ್ರಾನೈಟ್. ಮಂಗಳೂರಿನ ಬಳಿಯ ಪೆರ್ಮುದೆಯಲ್ಲಿ 15 ಲಕ್ಷ ಟನ್ ಮತ್ತು ಉಡುಪಿ ಜಿಲ್ಲೆ ಕಾಪು ತಾಲ್ಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದ ಗವಿಗಳನ್ನು ಇಂತಹ ಶಿಲೆಯಲ್ಲಿಯೇ ಕೊರೆಯಲಾಗಿದೆ. ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿ ಮೊದಲ ಹಂತದ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅಂದರೆ ಸುಮಾರು ಮುಕ್ಕಾಲು ಪಾಲು ಕರ್ನಾಟಕದಲ್ಲಿದೆ. ವಿಶಾಖಪಟ್ಟಣದ ಗವಿ 2015ರಲ್ಲಿ, ಮಂಗಳೂರಿನದು 2016ರಲ್ಲಿ, ಪಾದೂರಿನದು 2018ರಲ್ಲಿ ಕಾರ್ಯಾರಂಭ ಮಾಡಿದವು. ಮಂಗಳೂರು ಮತ್ತು ಪಾದೂರಿನ ಸಂಗ್ರಹಾಗಾರಗಳನ್ನು ಪ್ರಧಾನಮಂತ್ರಿಯವರು 2019ರ ಫೆಬ್ರವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದರು.

ಈ ಗವಿಗಳಿಗೆ ಉಕ್ಕಿನ ಒಳಹೊದಿಕೆ ಇಲ್ಲ. ತೈಲ ನೇರವಾಗಿ ಬಂಡೆಯನ್ನು ಮುಟ್ಟುತ್ತದೆ. ಹಾಗಿದ್ದರೂ ಅದು ಬಂಡೆಯ ಸೀಳುಗಳಲ್ಲಿ ಹೊರಹೋಗದಿರಲು ಅಂತರ್ಜಲವೇ ಕಾರಣ. ಗವಿಯನ್ನು ಅಂತರ್ಜಲ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆಯಲಾಗುತ್ತದೆ. ಸುತ್ತಲಿನ ಸೀಳುಗಳಲ್ಲಿ ತುಂಬಿರುವ ನೀರಿನ ಒತ್ತಡ ಒಳಗಿನ ತೈಲ ಹಾಗೂ ಆವಿಯ ಒತ್ತಡಕ್ಕಿಂತ ಹೆಚ್ಚಾಗಿರುತ್ತದೆ. ಆದುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗುವುದಿಲ್ಲ. ಜಿನುಗಿದ ನೀರು ತೈಲಕ್ಕಿಂತ ಭಾರವಾದುದರಿಂದ ತಳದಲ್ಲಿ ಸೇರುತ್ತದೆ. ಅದನ್ನು ಮೇಲೆತ್ತಿ ಶುದ್ಧೀಕರಿಸಲಾಗುತ್ತದೆ. ಬೇಸಿಗೆಯಲ್ಲಿಯೂ ಒತ್ತಡ ತಗ್ಗದಂತೆ ಗವಿಯ ಮೇಲ್ಭಾಗದಲ್ಲಿ ಸಣ್ಣ ಸುರಂಗಗಳಿಂದ ರಂಧ್ರಗಳನ್ನು ಕೊರೆದು ನೀರನ್ನು ಒತ್ತಲಾಗುತ್ತದೆ. ಇದಕ್ಕೆ ನೀರಿನ ಪರದೆ ಎಂದು ಹೆಸರು.

ವೀಕ್ಸ್ ಐಲೆಂಡ್ ಗಣಿಯನ್ನು ಕೆಡಿಸಿದ ಅಂತರ್ಜಲವೇ ಪಾದೂರಿನ ತೈಲಕ್ಕೆ ಕಾವಲಾಗಿದೆ. ಉಪ್ಪಿನಲ್ಲಿ ನೀರು ಬರದಂತೆ ಕಾಯಬೇಕು. ಕಗ್ಗಲ್ಲಿನಲ್ಲಿ ನೀರು ಹೋಗದಂತೆ ಕಾಯಬೇಕು.

ಕಗ್ಗಲ್ಲಿನ ಅಪಾಯಗಳು

ಕಗ್ಗಲ್ಲು ಗಟ್ಟಿಯೆಂದ ಮಾತ್ರಕ್ಕೆ ಅಖಂಡವಲ್ಲ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕೊಳವೆಬಾವಿ ಕೊರೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಹೊಲದಲ್ಲಿ ನೀರು ಚಿಮ್ಮಿದರೆ, ಬದುವಿನಾಚೆಯ ಹೊಲದಲ್ಲಿ ಅಷ್ಟೇ ಆಳಕ್ಕೆ ಬರಿಯ ಧೂಳು ಬರುವುದುಂಟು. ನೀರು ಇರುವುದು ಬಂಡೆಯಲ್ಲಲ್ಲ, ಬಂಡೆಯ ಸೀಳಿನಲ್ಲಿ. ಸೀಳು ಯಾವ ದಿಕ್ಕಿಗೆ ಓಡುತ್ತದೆ, ಯಾವ ಸೀಳಿನೊಡನೆ ಕೂಡುತ್ತದೆ ಎಂಬುದು ಕೊರೆದ ಮೇಲಷ್ಟೇ ತಿಳಿಯುತ್ತದೆ. ಗವಿ ಕೊರೆಯುವವರ ಸಮಸ್ಯೆಯೂ ಇದೇ. ಅಗೆತದ ಸಮಯದಲ್ಲಿ ಪ್ರತಿ ಹಂತದಲ್ಲೂ ಬಂಡೆಯನ್ನು ಪರೀಕ್ಷಿಸಿ, ದುರ್ಬಲ ಭಾಗಗಳಿಗೆ ಉಕ್ಕಿನ ಮೊಳೆ ಹೊಡೆದು, ಕಾಂಕ್ರೀಟ್ ಎರಚಿ, ಸೀಳುಗಳಿಗೆ ಸಿಮೆಂಟ್ ಗಾರೆಯನ್ನು ಒತ್ತಬೇಕಾಗುತ್ತದೆ.

ಇನ್ನೊಂದು ಅಪಾಯ ಎರಡೂ ದಿಕ್ಕಿನದು. ಅಗೆತದ ಕಾಲದಲ್ಲಿ ಗವಿಗೆ ನೀರು ಹೆಚ್ಚಾಗಿ ಹರಿದರೆ ಸುತ್ತಲಿನ ಬಾವಿಗಳ ಮಟ್ಟ ಕುಸಿಯಬಹುದು. ಮುಂದೆ ಸುತ್ತಮುತ್ತ ಆಳವಾದ ಕೊಳವೆಬಾವಿಗಳು ಹೆಚ್ಚಿ ನೀರನ್ನು ಮಿತಿಮೀರಿ ಎತ್ತಿದರೆ ತೈಲದ ಕಾವಲೇ ದುರ್ಬಲವಾಗಬಹುದು. ಹೀಗಾಗಿ ಗ್ರಾಮಸ್ಥರ ಬಾವಿಯ ನೀರಿನ ಮಟ್ಟ ಮತ್ತು ರಾಷ್ಟ್ರದ ತೈಲದ ಸುರಕ್ಷತೆ ಒಂದೇ ಅಳತೆಗೋಲಿಗೆ ಸಿಗುವ ವಿಷಯಗಳು. ಕಾಮಗಾರಿಗೆ ಮುನ್ನ ಬಾವಿಗಳ ಮಟ್ಟ, ಮನೆಗಳ ಗೋಡೆಯ ಸ್ಥಿತಿ ಇವನ್ನು ದಾಖಲಿಸಿಡುವುದು ಎರಡೂ ಪಕ್ಷಗಳಿಗೆ ಹಿತಕರ. ಮೊದಲ ದಾಖಲೆ ಇಲ್ಲದಿದ್ದಲ್ಲಿ ನಂತರದ ದೂರನ್ನು ಸಾಬೀತುಪಡಿಸಲೂ ಆಗದು, ಅಲ್ಲಗಳೆಯಲೂ ಆಗದು.

ಈ ಬಗೆಯ ವಿವಾದ ಮಂಡ್ಯ ಜಿಲ್ಲೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ಸ್ಫೋಟದಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯವಿದೆಯೇ ಎಂಬ ಪ್ರಶ್ನೆ ವರ್ಷಗಟ್ಟಲೆ ಚರ್ಚೆಯಲ್ಲಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಅಧ್ಯಯನ ಮುಗಿಯುವವರೆಗೆ, ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಹಾನಿ ಸಂಭವಿಸುವ ಮುನ್ನವೇ ಪರೀಕ್ಷೆ ನಡೆಯಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ. ಭೂಗತ ಉಗ್ರಾಣಕ್ಕೂ ಅದೇ ತತ್ತ್ವ ಸಲ್ಲುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ

ಮೊದಲ ಹಂತದ ಪರಿಷ್ಕೃತ ವೆಚ್ಚ ವಿಶಾಖಪಟ್ಟಣಕ್ಕೆ ಸುಮಾರು 1,178 ಕೋಟಿ ರೂ., ಮಂಗಳೂರಿಗೆ 1,227 ಕೋಟಿ ರೂ., ಪಾದೂರಿಗೆ 1,693 ಕೋಟಿ ರೂ. ಒಟ್ಟು ಸುಮಾರು 4,098 ಕೋಟಿ ರೂ. ಒಂದು ಟನ್ ಸಾಮರ್ಥ್ಯಕ್ಕೆ ಲೆಕ್ಕ ಹಾಕಿದರೆ ಕ್ರಮವಾಗಿ ಸುಮಾರು 8,860 ರೂ., 8,180 ರೂ. ಮತ್ತು 6,770 ರೂ. ಆಗುತ್ತದೆ.

2020ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಕೋವಿಡ್ ಕಾರಣದಿಂದ ತೈಲದ ಬೆಲೆ ಕುಸಿದಾಗ, ಈ ಗವಿಗಳಿಗೆ ಬ್ಯಾರೆಲ್‌ಗೆ ಸರಾಸರಿ 19 ಡಾಲರ್ ದರದಲ್ಲಿ ತೈಲ ತುಂಬಲಾಯಿತು. ಜನವರಿಯ ದರ 60 ಡಾಲರ್ ಇತ್ತು. ಇದರಿಂದ 5,069 ಕೋಟಿ ರೂ. ಉಳಿತಾಯವಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನಿರ್ಮಾಣದ ಪೂರ್ಣ ವೆಚ್ಚಕ್ಕಿಂತ ಇದು ಅಧಿಕ. ಆದರೆ ಈ ತುಲನೆಯಿಂದ ಉಗ್ರಾಣದ ಖರ್ಚು ತೀರಿತೆಂದು ಭಾವಿಸುವುದು ತಪ್ಪು. ತುರ್ತಿಗಾಗಿ ಇಟ್ಟ ದಾಸ್ತಾನನ್ನು ಬಳಸಿದ ಮೇಲೆ ಅಂದಿನ ದರದಲ್ಲಿ ಮತ್ತೆ ತುಂಬಬೇಕು. ಗವಿಯ ಕಾವಲು ವೆಚ್ಚ ಮಾತ್ರ ತೈಲ ಇರುವವರೆಗೂ ನಡೆಯುತ್ತದೆ. 2019-20ರ ಬಳಕೆಯ ಪ್ರಕಾರ ಈ ಮೊದಲ ಹಂತ ಪೂರ್ಣ ತುಂಬಿದಾಗ 9.5 ದಿನಗಳ ಅಗತ್ಯಕ್ಕೆ ಸಾಲುತ್ತದೆ ಎಂಬುದೂ ನೆನಪಿರಬೇಕು.

ಭೂವೈಜ್ಞಾನಿಕ ಅಪಾಯವನ್ನು ಲೆಕ್ಕಪತ್ರದಲ್ಲಿ ಮೂರು ಕಡೆ ಗುರುತಿಸಬಹುದು.

ಮೊದಲನೆಯದು ವಾರ್ಷಿಕ ವೆಚ್ಚ. ನೀರಿನ ಪರದೆ, ಜಿನುಗಿದ ನೀರಿನ ಶುದ್ಧೀಕರಣ, ಅಂತರ್ಜಲ ಮಟ್ಟದ ಹಾಗೂ ಕಂಪನದ ಮಾಪನ ಇವು ಈ ಗುಂಪಿಗೆ ಸೇರುತ್ತವೆ. ಇವನ್ನು ಒಂದು ವರ್ಷ ಮುಂದೂಡಿದರೆ ಲಾಭ–ನಷ್ಟ ಖಾತೆ ಚೆನ್ನಾಗಿ ಕಾಣುತ್ತದೆ, ಉಗ್ರಾಣ ಮಾತ್ರ ದುರ್ಬಲವಾಗುತ್ತದೆ.

ಎರಡನೆಯದು ಮುಚ್ಚುವ ವೆಚ್ಚ. ತಾಣವನ್ನು ಪೂರ್ವಸ್ಥಿತಿಗೆ ತರುವ ಹೊಣೆಯಿದ್ದಲ್ಲಿ, ಭಾರತೀಯ ಲೆಕ್ಕಪತ್ರ ಮಾನಕ 16 ಮತ್ತು 37ರ ಅನ್ವಯ ಅದರ ಅಂದಾಜನ್ನು ಆರಂಭದಲ್ಲಿಯೇ ಆಸ್ತಿಯ ಮೌಲ್ಯಕ್ಕೆ ಸೇರಿಸಿ, ಎದುರಿಗೆ ಹೊಣೆಗಾರಿಕೆಯನ್ನು ದಾಖಲಿಸಬೇಕು. ವೀಕ್ಸ್ ಐಲೆಂಡ್ ಗಣಿಯನ್ನು ಮುಚ್ಚಲು ಹಿಡಿದ ವರ್ಷಗಳು ಈ ನಿಯಮದ ಔಚಿತ್ಯವನ್ನು ತೋರಿಸುತ್ತವೆ.

ಮೂರನೆಯದು ಹೊರತೆಗೆಯಲಾಗದ ತೈಲ. ಗವಿಯ ತಳದಲ್ಲಿ ಸದಾ ಉಳಿಯುವ ಭಾಗವನ್ನು ಮಾರಾಟದ ಸರಕಿನಂತೆ ಎಣಿಸುವುದು ಸರಿಯಲ್ಲ. ಅದು ಸ್ಥಿರಾಸ್ತಿಯ ಸ್ವರೂಪದ್ದು.

ಮಂಗಳೂರಿನ ಎರಡು ವಿಭಾಗಗಳಲ್ಲಿ ಒಂದನ್ನು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಗೆ ಒದಗಿಸಿ, 2018ರಿಂದ ಅದರ ತೈಲವನ್ನು ಅಲ್ಲಿ ತುಂಬಿಸಿಕೊಳ್ಳಲಾಯಿತು. ಪರರ ಸರಕನ್ನು ಕಾಯುವವನು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅಂತಹ ಸಂದರ್ಭದಲ್ಲಿ ತನ್ನ ಸರಕಿಗೆ ವಹಿಸುವಷ್ಟು ಜಾಗ್ರತೆ ವಹಿಸಬೇಕೆಂಬ, 1872ರ ಕರಾರು ಅಧಿನಿಯಮದ 151ನೆಯ ಕಲಮು ಮಂಡಿ ವರ್ತಕರಿಗೆ ಪರಿಚಿತವಾದುದೇ. ಉಗ್ರಾಣವನ್ನೇ ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ಬಂಡೆಯ ದೃಢತೆ ವ್ಯಾಪಾರದ ಬಂಡವಾಳವಾಗುತ್ತದೆ.

ವಾಣಿಜ್ಯೋದ್ಯಮಿಗಳು ಗಮನಿಸಬೇಕಾದ ಅಂಶಗಳು

ಮಂಡ್ಯ ಜಿಲ್ಲೆಯ ಉದ್ಯಮಿಗಳು ತೈಲದ ಗವಿ ಕೊರೆಯುವುದಿಲ್ಲ. ಆದರೆ ಗೋದಾಮು, ಶೈತ್ಯಾಗಾರ, ಗಿರಣಿ, ಇಂಧನ ತೊಟ್ಟಿಗಳನ್ನು ನಿರ್ಮಿಸುವವರಿಗೂ ಹಳೆಯ ಕಟ್ಟಡಗಳನ್ನು ಕೊಳ್ಳುವವರಿಗೂ ಈ ಅಧ್ಯಯನದಿಂದ ಉಪಯುಕ್ತ ಸಂಗತಿಗಳಿವೆ.

ಹಳೆಯ ಆಸ್ತಿಯನ್ನು ಕೊಳ್ಳುವಾಗ ಅದನ್ನು ಮೊದಲು ಯಾವ ಉದ್ದೇಶಕ್ಕೆ ಕಟ್ಟಲಾಗಿತ್ತು ಎಂಬುದನ್ನು ವಿಚಾರಿಸಬೇಕು. ನಿವೇಶನವು ಹಳೆಯ ಕೆರೆಯಂಗಳವೋ, ಮಣ್ಣು ತುಂಬಿದ ಕಲ್ಲುಕ್ವಾರಿಯೋ ಎಂಬುದನ್ನು ಕಂದಾಯ ದಾಖಲೆಗಳಿಂದ ಪರಿಶೀಲಿಸಬೇಕು. ನಾಲೆಯ ಬಯಲಿನಲ್ಲಿ ಅಂತರ್ಜಲ ಮೇಲೇರಿರುವ ಕಡೆ, ನೆಲದಡಿಯ ತೊಟ್ಟಿ ಬರಿದಾದಾಗ ನೀರಿನ ಒತ್ತಡದಿಂದ ಮೇಲಕ್ಕೆದ್ದು ಕೊಳವೆಗಳು ಮುರಿಯುವ ಸಂಭವವನ್ನು ಗಮನಿಸಬೇಕು. ಅಗ್ನಿ ಮತ್ತು ವಿಶೇಷ ವಿಪತ್ತು ವಿಮೆಯಲ್ಲಿ ನೆಲಕುಸಿತ ಸೇರಿದ್ದರೂ, ಹೊಸ ಕಟ್ಟಡದ ಸಹಜ ಕುಸಿತ, ತುಂಬಿದ ಮಣ್ಣಿನ ಚಲನೆ, ವಿನ್ಯಾಸದ ದೋಷ ಹಾಗೂ ಅಗೆತದಿಂದಾದ ಹಾನಿಯನ್ನು ಹೊರಗಿಡುವುದು ವಾಡಿಕೆ. ಪಾಲಿಸಿಯ ಈ ಭಾಗವನ್ನು ಕಂತು ಕಟ್ಟುವ ಮುನ್ನ ಓದಬೇಕು.

ಉಪ್ಪಿನ ಗಣಿಯಾಗಲಿ ಕಗ್ಗಲ್ಲಿನ ಗವಿಯಾಗಲಿ ಸ್ವತಃ ಸುರಕ್ಷಿತವೂ ಅಲ್ಲ, ಅಪಾಯಕಾರಿಯೂ ಅಲ್ಲ. ಬಂಡೆಯ ಸ್ವಭಾವವನ್ನು ಮೊದಲೇ ಅರಿತು, ನೀರಿನ ಚಲನೆಯನ್ನು ಪ್ರತಿದಿನ ಅಳೆದು, ಅದಕ್ಕೆ ಬೇಕಾದ ಹಣವನ್ನು ಪ್ರತಿವರ್ಷ ಮೀಸಲಿಟ್ಟಲ್ಲಿ ಉಗ್ರಾಣ ಉಳಿಯುತ್ತದೆ. ಸಾರ್ವಜನಿಕ ಹಣದಿಂದ ಕೊಂಡ ತೈಲ ಪಾದೂರು, ಪೆರ್ಮುದೆಗಳ ಬಂಡೆಯಲ್ಲಿರುವವರೆಗೆ, ಅಲ್ಲಿಯ ಬಾವಿಗಳ ನೀರಿನ ಮಟ್ಟವೂ ದಾಸ್ತಾನು ಪುಸ್ತಕದಲ್ಲಿ ಬರೆದಿಡಬೇಕಾದ ಅಂಕಿಯೇ ಆಗಿದೆ.